ಪೈಪರ್ಸ್ ಕ್ರೀಕ್‌ಗೆ ಮೀನು ಬರುವ ಕಾಲ

"ಇವು ತಾವಾಗಿ ಬಂದ ಮೀನಾ, ಇಲ್ಲಾ ನೀವೇ ತಂದು ಬಿಟ್ಟಿದ್ದಾ?"

ಸಿಯಾಟಲ್‌ನ ಕಾರ್ಕೀಕ್ ಪಾರ್ಕಿನಲ್ಲಿ ನವೆಂಬರ್ ತಿಂಗಳ ಶನಿವಾರ, ಭಾನುವಾರ ಹಳ್ಳದ ಬದಿಯಲ್ಲಿ ನಿಲ್ಲುವ ನಮ್ಮಂಥ ಸ್ವಯಂಸೇವಕರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಇದು. ಎಂಟು ವರ್ಷದ ಮಕ್ಕಳೂ ಕೇಳುತ್ತಾರೆ, ಮೀನುಗಾರಿಕೆ ಗೊತ್ತಿರುವ ಹಿರಿಯರೂ ಕೇಳುತ್ತಾರೆ. ಎರಡೂ ಹೌದು ಅಂತ ಹೇಳುತ್ತೇನೆ. ಕೆಲವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಇನ್ನು ಕೆಲವರ ಮುಖ ಸಪ್ಪೆಯಾಗುತ್ತದೆ. ಹಾಗಾದರೆ ಇದೆಲ್ಲ ತೋರಿಕೆಗೆ ಮಾಡಿದ್ದಲ್ವಾ ಅನ್ನುವ ಮಾತು ಅವರ ಬಾಯಿವರೆಗೆ ಬಂದು ನಿಂತಿರುತ್ತದೆ. ನಿಂತ ನಿಲುವಿನಲ್ಲಿ ಎರಡು ನಿಮಿಷಕ್ಕೆ ಕೊಡುವ ಉತ್ತರ ಇದಕ್ಕೆ ಸಾಲದು. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ಕಾರ್ಕೀಕ್ ಪಾರ್ಕ್ ಇರುವುದು ಸಿಯಾಟಲ್‌ನ ವಾಯವ್ಯ ಮೂಲೆಯಲ್ಲಿ. 200 ಎಕರೆಗೂ ಜಾಸ್ತಿ ಇರುವ ಕಾಡು ಕಣಿವೆ. ಮೇಲ್ಗಡೆ ಮೂರು ದಿಕ್ಕಿಗೂ ಮನೆಗಳು, ಅಂಗಡಿಗಳು, ರಸ್ತೆಗಳು. ಕೆಳಗಡೆ ಪ್ಯೂಜೆಟ್ ಸೌಂಡ್, ಅಂದರೆ ಭೂಮಿಯೊಳಕ್ಕೆ ಚಾಚಿಕೊಂಡಿರುವ ಸಮುದ್ರ. ಪಾರ್ಕಿಗೂ ಸಮುದ್ರದ ದಡಕ್ಕೂ ನಡುವೆ ರೈಲು ಹಳಿ ಹಾದುಹೋಗಿದೆ. ಜನ ಬೀಚಿಗೆ ಇಳಿಯಲಿ ಅಂತ ಹಳಿಯ ಮೇಲೆ ಮೇಲ್ಸೇತುವೆ ಕಟ್ಟಿದ್ದರು. ಮೀನು ಹಳಿಯ ಕೆಳಗಿನ ಮೋರಿಯೊಳಗೆ ನುಗ್ಗಿ ಈಚೆಗೆ ಬರುತ್ತದೆ. ಕಣಿವೆಯ ನಡುವೆ ಹರಿಯುವ ಹಳ್ಳದ ಹೆಸರು ಪೈಪರ್ಸ್ ಕ್ರೀಕ್. ಬಹಳ ಕಡೆ ಒಂದು ಹಾರು ಹಾರಿದರೆ ಆಚೆ ದಡ ಸಿಗುತ್ತದೆ. ನೀರು ಮೊಣಕಾಲು ಮುಟ್ಟುವ ಜಾಗವೂ ಕಡಿಮೆಯೇ. ಮಲೆನಾಡಿನಲ್ಲಾಗಿದ್ದರೆ ಇಂಥದ್ದಕ್ಕೆ ಯಾರೂ ಹೆಸರಿಡುವ ಗೋಜಿಗೂ ಹೋಗುತ್ತಿರಲಿಲ್ಲ.

ಇಷ್ಟು ಸಣ್ಣ ಹಳ್ಳಕ್ಕೆ ನಾಲ್ಕೈದು ಕೆಜಿ ತೂಗುವ ಮೀನು ಬರುತ್ತದೆ. ಇಲ್ಲಿಗೆ ಬರುವುದು ಚಮ್ ಜಾತಿಯ ಸಾಲ್ಮನ್. ಸಮುದ್ರದಲ್ಲಿದ್ದಾಗ ಬೆಳ್ಳಿ ಬಣ್ಣದ್ದು. ಸಿಹಿನೀರಿಗೆ ತಿರುಗಿದ ಮೇಲೆ ಮೈಮೇಲೆ ಹಸಿರು, ನೇರಳೆ ಪಟ್ಟೆಗಳು ಮೂಡುತ್ತವೆ. ಗಂಡಿನ ಮೂತಿ ಕೊಕ್ಕೆಯಾಗಿ ಬಾಗುತ್ತದೆ, ಹಲ್ಲು ಉದ್ದವಾಗಿ ಹೊರಗೆ ಬರುತ್ತದೆ. ನೀರು ಕಮ್ಮಿ ಇರುವ ಕಡೆ ಮೀನಿನ ಅರ್ಧ ಬೆನ್ನು ಗಾಳಿಯಲ್ಲೇ ಇರುತ್ತದೆ. ಕಲ್ಲಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಬಾಲ ಬಡಿಯುತ್ತಾ ಮುಂದೆ ಹೋಗುತ್ತದೆ. ಒಂದು ಕಡೆ ನಿಂತು ಸುಸ್ತು ಕಳೆಯುತ್ತದೆ, ಮತ್ತೆ ನುಗ್ಗುತ್ತದೆ.

ಹತ್ತಿರ ನಿಂತು ನೋಡಬೇಕಾದ್ದು ಹೆಣ್ಣುಮೀನಿನ ಕೆಲಸ. ಸಣ್ಣ ಹೊಳೆಗಲ್ಲುಗಳಿರುವ ಜಾಗ ಹುಡುಕಿಕೊಳ್ಳುತ್ತದೆ. ಪಕ್ಕಕ್ಕೆ ಮಗುಚಿ ಬಾಲದಿಂದ ನೆಲಕ್ಕೆ ಜೋರಾಗಿ ಹೊಡೆಯುತ್ತದೆ. ಕಲ್ಲುಗಳು ಎದ್ದು ಕೆಳಗೆ ಉರುಳುತ್ತವೆ, ಕೆಸರು ತೇಲಿ ಹೋಗುತ್ತದೆ. ಹೀಗೆ ಹೊಡೆದು ಹೊಡೆದು ಗುಂಡಿ ಮಾಡಿ ಮೊಟ್ಟೆ ಬಿಡುತ್ತದೆ. ಗಂಡು ಪಕ್ಕಕ್ಕೆ ಬಂದು ವೀರ್ಯ ಬಿಟ್ಟ ಕೂಡಲೇ ಸ್ವಲ್ಪ ಮೇಲಕ್ಕೆ ಸರಿದು ಮತ್ತೊಂದು ಗುಂಡಿ ತೋಡುತ್ತದೆ. ಅಲ್ಲಿಂದ ಎದ್ದ ಕಲ್ಲು ಮೊದಲಿನ ಮೊಟ್ಟೆಗಳನ್ನು ಮುಚ್ಚುತ್ತದೆ. ಒಂದು ಹೆಣ್ಣಿನ ಹೊಟ್ಟೆಯಲ್ಲಿ ಎರಡು ಸಾವಿರದಿಂದ ನಾಲ್ಕು ಸಾವಿರದವರೆಗೆ ಮೊಟ್ಟೆ ಇರುತ್ತವೆ. ಅಷ್ಟು ಹೊತ್ತಿಗೆ ಅದರ ಬಾಲದ ಚರ್ಮ ಕಿತ್ತು ಬೆಳ್ಳಗಾಗಿರುತ್ತದೆ. ಅಲ್ಲಿಂದ ಕೆಲವು ದಿನ ಜೀವ ಹಿಡಿದುಕೊಂಡು ಗುಂಡಿ ಕಾಯುತ್ತದೆ, ಆಮೇಲೆ ಸಾಯುತ್ತದೆ. ಗಂಡೂ ಸಾಯುತ್ತದೆ. ಮೊಟ್ಟೆ ಇಟ್ಟ ಮೇಲೆ ಸಮುದ್ರಕ್ಕೆ ವಾಪಸ್ ಹೋಗುವ ಚಮ್ ಇಲ್ಲ.

ಒಂದು ವರ್ಷ ಅಪ್ಪ ತೀರ್ಥಹಳ್ಳಿ ಕಡೆಯಿಂದ ಇಲ್ಲಿಗೆ ಬಂದಿದ್ದರು. ಚಳಿಗೆ ಮನೆಯಿಂದ ಹೊರಡಿಸುವುದೇ ಕಷ್ಟವಾಗಿತ್ತು. ಹಳ್ಳದ ಹತ್ತಿರ ಬಂದು ಒಂದು ಮೀನು ಕಂಡಿದ್ದೇ ತಡ, "ಇದು ನಮ್ಮ ಹತ್ತುಮೀನಿನ ಥರಾನೇ ಅಲ್ವೇನೇ?" ಅಂದರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನು ಮಲೆನಾಡಿನವರಿಗೆಲ್ಲ ಗೊತ್ತು. ಹೌದು ಅಪ್ಪ, ಆದರೆ ಇವು ಬರುವುದು ಪೆಸಿಫಿಕ್ ಸಾಗರದಿಂದ, ಮೂರರಿಂದ ಐದು ವರ್ಷ ಅಲ್ಲಿ ಬೆಳೆದು ಬರುತ್ತವೆ ಅಂದೆ. "ಮತ್ತೆ ಇದೇ ಹಳ್ಳ ಅಂತ ಹ್ಯಾಗೆ ಗೊತ್ತಾಗುತ್ತೆ?" ಅಂತ ಕೇಳಿದರು. ಊಟದ ಹೊತ್ತು ಮೀರಿದರೂ ಅಲ್ಲಿಂದ ಕದಲಲಿಲ್ಲ.

ಅಪ್ಪ ಕೇಳಿದ ಪ್ರಶ್ನೆಯೇ ಇಲ್ಲಿನ ಎಲ್ಲ ಕೆಲಸದ ಬುಡ. ಉತ್ತರ ಇರುವುದು ವಾಸನೆಯಲ್ಲಿ. ಪ್ರತಿ ಹಳ್ಳದ ನೀರಿಗೂ ಅಲ್ಲಿನ ಮಣ್ಣು, ಕಲ್ಲು, ಎಲೆಗಳಿಂದ ಬರುವ ಅದರದ್ದೇ ವಾಸನೆ ಇರುತ್ತದೆ. ಸಮುದ್ರಕ್ಕೆ ಹೋಗುವ ಮೊದಲು ಮರಿ ಆ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತದೆ. ಇದನ್ನು ಪ್ರಯೋಗ ಮಾಡಿ ತೋರಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹಾಸ್ಲರ್. ಯೂಟಾದಲ್ಲಿ ತಾವು ಬೆಳೆದ ಊರಿನ ಬೆಟ್ಟ ಹತ್ತುವಾಗ, ಕಣ್ಣಿಗೆ ಕಾಣದ ಜಲಪಾತದ ಕಡೆಯಿಂದ ಬೀಸಿದ ಗಾಳಿಯಲ್ಲಿ ಪಾಚಿ ಮತ್ತು ಹೂಗಳ ವಾಸನೆ ಬಂದು ಬಾಲ್ಯದ ನೆನಪುಗಳೆಲ್ಲ ಒಮ್ಮೆಲೇ ನುಗ್ಗಿ ಬಂದವಂತೆ. ಮನುಷ್ಯನಿಗೇ ಹೀಗಾದರೆ ಮೀನಿಗೆ ಯಾಕಾಗಬಾರದು ಅಂತ ಅವರು ಯೋಚಿಸಿದರು. ಊರು ಬಿಟ್ಟು ದೂರ ಬಂದಿರುವ ನನಗೆ ಈ ಕತೆ ತುಂಬಾ ಹತ್ತಿರದ್ದು.

ಈ ಹಳ್ಳದ ವಾಸನೆ ಗೊತ್ತಿದ್ದ ಮೀನು ಒಂದು ಕಾಲಕ್ಕೆ ಪೂರ್ತಿ ಇಲ್ಲವಾಗಿತ್ತು. ಬಿಳಿಯರು ಬರುವ ಮೊದಲು ಈ ಕರಾವಳಿಯ ಮೂಲನಿವಾಸಿಗಳು ಸಾವಿರಾರು ವರ್ಷ ಇಲ್ಲಿನ ಹೊಳೆ, ಹಳ್ಳಗಳ ಸಾಲ್ಮನ್ ತಿಂದು ಬದುಕಿದವರು. ಆಮೇಲೆ ಕಾಡು ಕಡಿದರು. 1889ರಲ್ಲಿ ಸಿಯಾಟಲ್ ಪೇಟೆ ಸುಟ್ಟುಹೋದಾಗ ಆಂಡ್ರ್ಯೂ ಪೈಪರ್ ಎಂಬ ಬೇಕರಿಯವರು ಅಂಗಡಿ ಕಳೆದುಕೊಂಡು ಸಂಸಾರ ಸಮೇತ ಈ ಕಣಿವೆಗೆ ಬಂದು ಸೇಬಿನ ತೋಟ ಹಾಕಿದರು. ಹಳ್ಳಕ್ಕೆ ಬಂದಿದ್ದು ಅವರ ಹೆಸರೇ. ಪಾರ್ಕಿಗೆ ಬಂದಿದ್ದು ಅದಕ್ಕೆ ಹಣ ಕೊಟ್ಟ ಕಾರ್ಕೀಕ್ ದಂಪತಿಯ ಹೆಸರು. 1920ರ ದಶಕದ ಕೊನೆಗೆ ಪಾರ್ಕ್ ಆಯಿತು. ಪಾರ್ಕ್ ಅಂತ ಬೇಲಿ ಹಾಕಿದ್ದರಿಂದ ಮರಗಳು ಉಳಿದುಕೊಂಡವು. ಮೀನು ಉಳಿಯಲಿಲ್ಲ. ಮೇಲೆ ಊರು ಬೆಳೆದ ಹಾಗೆ ಕೆಳಗೆ ಹಳ್ಳ ಕೆಡುತ್ತಾ ಬಂತು.

ಸೇಬಿನ ತೋಟವೂ ಬ್ಲ್ಯಾಕ್‌ಬೆರಿ ಮುಳ್ಳಿನಡಿ ಮುಚ್ಚಿಹೋಗಿತ್ತು. 1980ರ ದಶಕದ ಆರಂಭದಲ್ಲಿ ಅದನ್ನು ಮತ್ತೆ ಪತ್ತೆ ಮಾಡಿ ಬಿಡಿಸಿಕೊಂಡವರೂ ಸ್ವಯಂಸೇವಕರೇ. ಇವತ್ತಿಗೂ ಹಳೇ ಮರಗಳು ಹಣ್ಣು ಬಿಡುತ್ತವೆ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಸುತ್ತಲಿನ ಬಡಾವಣೆಯ ಜನ ಸೇರಿ ಕಾರ್ಕೀಕ್ ಜಲಾನಯನಕ್ಕೆ ಅಂತ ಒಂದು ಸಮುದಾಯ ಸಂಘ ಕಟ್ಟಿಕೊಂಡರು. ಹಳ್ಳಕ್ಕೆ ಮತ್ತೆ ಸಾಲ್ಮನ್ ತರಬೇಕು ಅಂತ ಹೊರಟರು. ಹುಟ್ಟಿದ ಹಳ್ಳಕ್ಕೇ ಮರಳುವ ಮೀನು ಸತ್ತುಹೋದ ಹಳ್ಳಕ್ಕೆ ತಾನಾಗಿ ಬರುವುದು ಕಷ್ಟ. ಯಾರಾದರೂ ಮರಿ ಕೊಡಬೇಕು.

ಕೊಟ್ಟವರು ಸುಕ್ವಾಮಿಷ್ ಬುಡಕಟ್ಟಿನವರು. ಅವರ ಊರು ಇರುವುದು ಪ್ಯೂಜೆಟ್ ಸೌಂಡಿನ ಆಚೆ ದಡದಲ್ಲಿ. ಅಲ್ಲಿನ ಗ್ರೋವರ್ಸ್ ಕ್ರೀಕ್ ಬಳಿ ಅವರದ್ದೇ ಹ್ಯಾಚರಿ, ಅಂದರೆ ಮೊಟ್ಟೆಯಿಂದ ಮೀನಿನ ಮರಿ ಮಾಡಿಸಿ ಸಾಕುವ ಕೇಂದ್ರ ಇದೆ. ಕಾರ್ಕೀಕ್‌ಗೆ ಬರುವ ಚಮ್ ಮರಿಗಳ ಮೂಲ ಅದು.

ಇದನ್ನು ಹೇಳುವಾಗ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸಿಯಾಟಲ್ ಅಂತ ಊರಿಗೆ ಹೆಸರು ಬಂದಿದ್ದೇ ಸುಕ್ವಾಮಿಷ್ ಮತ್ತು ಡುವಾಮಿಷ್ ಜನರ ನಾಯಕನಿಂದ. 1855ರಲ್ಲಿ ಅಮೆರಿಕ ಸರ್ಕಾರದ ಜೊತೆ ಆದ ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಆ ಒಪ್ಪಂದದಲ್ಲಿ ಈ ಸೀಮೆಯ ನೆಲವೆಲ್ಲ ಹೋಯಿತು. ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮಾತ್ರ ಉಳಿಸಿಕೊಂಡರು. ಆ ಹಕ್ಕಿಗೂ ಬೆಲೆ ಸಿಗದೆ ಬೋಟುಗಳನ್ನು ಜಪ್ತಿ ಮಾಡಿದರು, ಜನರನ್ನು ಜೈಲಿಗೆ ಹಾಕಿದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಸೇರಬೇಕು ಅಂತ ತೀರ್ಪು ಕೊಟ್ಟರು. ಮೀನಿನ ನಿರ್ವಹಣೆಯಲ್ಲೂ ಅವರು ರಾಜ್ಯ ಸರ್ಕಾರದ ಜೊತೆ ಸಮಪಾಲುದಾರರಾದರು. ಅದಾದ ಕೆಲವೇ ವರ್ಷಕ್ಕೆ, ತಮ್ಮ ನೆಲದ ಮೇಲೆ ಎದ್ದ ಊರಿನ ಒಂದು ಪಾರ್ಕಿಗೆ ಅವರೇ ಮರಿ ಕೊಟ್ಟರು. ಈಗಲೂ ಕೊಡುತ್ತಿದ್ದಾರೆ. ಇಲ್ಲಿ ಮೀನು ನೋಡಿ ಖುಷಿಪಡುವ ಪ್ರತಿಯೊಬ್ಬರಿಗೂ ಈ ಋಣ ಗೊತ್ತಿರಬೇಕು ಅಂತ ನನ್ನ ಆಸೆ.

ಮರಿಗಳು ಬರುವುದು ವಸಂತದಲ್ಲಿ. ಪೈಪರ್ಸ್ ಕ್ರೀಕ್‌ಗೆ ಸೇರುವ ವೆನಿಮಾ ಕ್ರೀಕ್ ಎನ್ನುವ ಇನ್ನೂ ಸಣ್ಣ ಹಳ್ಳದ ನೀರು ತಿರುಗಿಸಿ ಮಾಡಿದ ಒಂದು ಕೊಳ ಇದೆ. ಮರಿಗಳನ್ನು ಕೆಲವು ವಾರ ಅಲ್ಲಿ ಇಡುತ್ತಾರೆ, ಆ ನೀರಿನ ವಾಸನೆ ಅವುಗಳ ತಲೆಗೆ ಹತ್ತಲಿ ಅಂತ. ಮೇವು ಹಾಕುವ ಕೆಲಸವನ್ನು ಸ್ವಯಂಸೇವಕರು ಪಾಳಿ ಹಾಕಿಕೊಂಡು ಮಾಡುತ್ತಾರೆ. ಮರಿ ಬೆರಳಷ್ಟು ಉದ್ದವೂ ಇರುವುದಿಲ್ಲ. ಮೇವು ರಾಗಿ ತರಿಯ ಹಾಗೆ ಇರುತ್ತದೆ. ಒಂದೇ ಕಡೆ ಸುರಿಯುವ ಹಾಗಿಲ್ಲ. ಚಿಟಿಕೆಯಲ್ಲಿ ಹಿಡಿದು ನೀರಿನ ಮೇಲೆ ಅಗಲಕ್ಕೆ ಉದುರಿಸಬೇಕು. ತಿನ್ನದೆ ತಳಕ್ಕೆ ಕೂತರೆ ನೀರು ಕೆಡುತ್ತದೆ. ನೆರಳು ಬಿದ್ದರೆ ಮರಿಗಳೆಲ್ಲ ಒಮ್ಮೆಗೇ ಆಚೆ ಬದಿಗೆ ಓಡುತ್ತವೆ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ಮೆಲ್ಲಗೆ ವಾಪಸ್ ಬಂದು ಮೇಲೆ ಬಾಯಿ ಹಾಕುತ್ತವೆ. ಆಗ ನೀರಿನ ಮೇಲೆ ಹನಿಮಳೆ ಬಿದ್ದ ಹಾಗೆ ಉಂಗುರ ಏಳುತ್ತವೆ. ಶಾಲೆಗಳಲ್ಲೂ ಈ ಕೆಲಸ ನಡೆಯುತ್ತದೆ. ಜನವರಿಯಲ್ಲಿ ತರಗತಿಯ ಅಕ್ವೇರಿಯಂಗೆ ಮೊಟ್ಟೆ ಬರುತ್ತವೆ, ಮಕ್ಕಳು ನೋಡಿಕೊಳ್ಳುತ್ತಾರೆ, ವಸಂತದಲ್ಲಿ ಇಲ್ಲಿಗೇ ತಂದು ಬಿಡುತ್ತಾರೆ. ಪುಟ್ಟ ಕಪ್ಪಿನಲ್ಲಿ ಮರಿ ಹಿಡಿದು ಅದಕ್ಕೊಂದು ಹೆಸರಿಟ್ಟು ಟಾಟಾ ಹೇಳುವ ಮಕ್ಕಳನ್ನು ನೋಡಿದರೆ ಯಾರ ಮನಸ್ಸೂ ಕರಗುತ್ತದೆ.

ನವೆಂಬರ್‌ನಲ್ಲಿ ನಮ್ಮ ಕೆಲಸ ಬೇರೆ. ಮೀನು ಎಲ್ಲಿ ಕಾಣುತ್ತದೆ ಅಂತ ತೋರಿಸುವುದು, ಪ್ರಶ್ನೆಗೆ ಉತ್ತರಿಸುವುದು, ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ ಅಂತ ಕೇಳಿಕೊಳ್ಳುವುದು. ಈ ನಾಯಿ ವಿಷಯ ಸಣ್ಣದಲ್ಲ. ಕಲ್ಲಿನಡಿ ಮುಚ್ಚಿಟ್ಟ ಮೊಟ್ಟೆ ಮೇಲಿನಿಂದ ಕಾಣುವುದಿಲ್ಲ. ಒಂದು ನಾಯಿ ಚೆಂಡು ಹಿಡಿಯಲು ಹಳ್ಳಕ್ಕೆ ಹಾರಿದರೆ ಒಂದು ಗುಂಡಿಯ ಮೊಟ್ಟೆಗಳೇ ನುಜ್ಜುಗುಜ್ಜಾಗಬಹುದು. ನಾಯಿಯ ಗಲೀಜು ಮಳೆಗೆ ಕೊಚ್ಚಿ ಬಂದು ಸೇರುವುದೂ ಇಲ್ಲಿಗೇ. ಮಲದ ಬ್ಯಾಕ್ಟೀರಿಯಾ ಮಿತಿ ಮೀರಿದ ಹಳ್ಳಗಳ ಪಟ್ಟಿಯಲ್ಲಿ ಪೈಪರ್ಸ್ ಕ್ರೀಕ್ ಹೆಸರು ಬಹಳ ಕಾಲದಿಂದ ಇದೆ. ನಾನು ಗದರುವುದಿಲ್ಲ. ಕಲ್ಲುಗಳು ಹೊಸದಾಗಿ ಮಗುಚಿ ತಿಳಿಯಾಗಿ ಕಾಣುವ ಜಾಗಕ್ಕೆ ಬೆರಳು ತೋರಿಸಿ, ಅಲ್ಲಿ ಕೆಳಗೆ ಸಾವಿರಾರು ಮೊಟ್ಟೆ ಇವೆ ನೋಡಿ ಅನ್ನುತ್ತೇನೆ. ಅಷ್ಟು ಸಾಕಾಗುತ್ತದೆ. ಹಗ್ಗ ತಾನಾಗಿ ಬಿಗಿಯಾಗುತ್ತದೆ.

ಇನ್ನೊಂದು ದೂರು ಸತ್ತ ಮೀನಿನದ್ದು. ತಿಂಗಳ ಕೊನೆಗೆ ಕಣಿವೆಯೆಲ್ಲ ನಾರುತ್ತದೆ. ಇದನ್ನೆಲ್ಲ ಎತ್ತಿ ಹಾಕಬಾರದಾ ಅಂತ ಕೇಳುವವರಿದ್ದಾರೆ. ಎತ್ತುವುದಿಲ್ಲ, ಬೇಕಂತಲೇ ಬಿಡುತ್ತೇವೆ. ಸಮುದ್ರದಲ್ಲಿ ಮೈಗೂಡಿಸಿಕೊಂಡ ಸಾರವನ್ನು ಈ ಮೀನು ಕಾಡಿಗೆ ಹೊತ್ತು ತರುತ್ತದೆ. ರಕೂನ್, ಕಾಗೆ, ಕಡಲಕ್ಕಿಗಳು ತಿನ್ನುತ್ತವೆ. ನೀರಿನ ಹುಳಗಳು ತಿನ್ನುತ್ತವೆ. ಉಳಿದದ್ದು ಮರದ ಬೇರಿಗೆ ಹೋಗುತ್ತದೆ. ಮುಂದಿನ ವಸಂತದಲ್ಲಿ ಕಲ್ಲಿನಡಿಯಿಂದ ಎದ್ದು ಬರುವ ಮರಿ ತಿನ್ನುವುದೂ ಇದೇ ಹುಳಗಳನ್ನು.

ಮೀನಿನ ಕಾಲ ಮುಗಿದ ಮೇಲೆ ಪಾರ್ಕಿಗೆ ಬರುವವರು ಕಮ್ಮಿ, ಆದರೆ ಕೆಲಸ ಜಾಸ್ತಿ. ಇಂಗ್ಲಿಷ್ ಐವಿ ಅಂತ ಒಂದು ಬಳ್ಳಿ, ಅಂದಕ್ಕೆ ಅಂತ ಯುರೋಪಿನಿಂದ ತಂದದ್ದು. ನಮ್ಮಲ್ಲಿ ಲಂಟಾನ ಹಬ್ಬಿದ ಹಾಗೆ ಇಲ್ಲಿ ಅದು. ನೆಲ ಮುಚ್ಚುತ್ತದೆ, ಮರ ಹತ್ತುತ್ತದೆ. ಮಳೆಗಾಲದ ಗಾಳಿಗೆ ಭಾರ ತಡೆಯದೆ ಮರ ಉರುಳುತ್ತದೆ. ಸುತ್ತ ಎದೆಮಟ್ಟದಲ್ಲಿ ಬಳ್ಳಿ ಕತ್ತರಿಸಿ, ಬುಡದ ಸುತ್ತ ಕಿತ್ತು ಬಯಲು ಮಾಡಬೇಕು. ಮೇಲಿನದ್ದು ತಾನಾಗಿ ಒಣಗುತ್ತದೆ. 2005ರಿಂದ ನಗರದ ಆಡಳಿತ ಮತ್ತು ಸ್ವಯಂಸೇವಕರು ಸೇರಿ ಸಿಯಾಟಲ್‌ನ ಪಾರ್ಕ್ ಕಾಡುಗಳನ್ನು ಹೀಗೆ ಬಿಡಿಸುವ ದೊಡ್ಡ ಯೋಜನೆ ನಡೆಸುತ್ತಿದ್ದಾರೆ. ಬಿಡಿಸಿದ ಜಾಗದಲ್ಲಿ ರೆಡ್ ಸೀಡರ್, ಹೆಮ್ಲಾಕ್, ಜರಿಗಿಡ, ಸಾಲ್ಮನ್‌ಬೆರಿ ನೆಡುತ್ತಾರೆ. ಹಳ್ಳದ ಮೇಲೆ ನೆರಳು ಬಿದ್ದರೆ ನೀರು ತಣ್ಣಗಿರುತ್ತದೆ. ಸಾಲ್ಮನ್‌ಗೆ ತಣ್ಣೀರೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ತೊಂದರೆ ಪಾರ್ಕಿನೊಳಗೆ ಇಲ್ಲ. ಈ ಹಳ್ಳದ ನೀರಿನ ಬಹುಪಾಲು ಬರುವುದು ಕಣಿವೆಯ ಮೇಲಿನ ಸೂರು, ಅಂಗಳ, ಪಾರ್ಕಿಂಗ್ ಜಾಗ, ರಸ್ತೆಗಳಿಂದ. ಅರೋರಾ ಅವೆನ್ಯೂ ಅಂತ ಕರೆಯುವ ಹೆದ್ದಾರಿ 99 ಈ ಜಲಾನಯನದ ನೆತ್ತಿಯಲ್ಲೇ ಹಾದುಹೋಗುತ್ತದೆ. ಕಾಡಿದ್ದಾಗ ಮಳೆ ಮಣ್ಣಿಗಿಳಿದು ದಿನಗಟ್ಟಲೆ ತಡೆದು ಹಳ್ಳಕ್ಕೆ ಬರುತ್ತಿತ್ತು. ಈಗ ಡಾಂಬರಿನ ಮೇಲೆ ಬಿದ್ದದ್ದು ಚರಂಡಿ, ಪೈಪು ಹಿಡಿದು ನೇರ ಬಂದುಬಿಡುತ್ತದೆ. ಜೋರು ಮಳೆ ಬಂದ ದಿನ ಹಳ್ಳ ಕೆಂಪಾಗಿ ಉಕ್ಕುತ್ತದೆ. ಆ ರಭಸಕ್ಕೆ ಕಲ್ಲಿನ ಜೊತೆ ಮೊಟ್ಟೆಯೂ ಕೊಚ್ಚಿ ಹೋಗುತ್ತದೆ, ಇಲ್ಲಾ ಕೆಸರು ಕೂತು ಉಸಿರು ಕಟ್ಟುತ್ತದೆ. ಬೇಸಿಗೆಯಲ್ಲಿ ತದ್ವಿರುದ್ಧ. ಇಂಗಿದ ನೀರೇ ಇಲ್ಲದ ಮೇಲೆ ಹಳ್ಳಕ್ಕೆ ಎಲ್ಲಿಂದ ಬರಬೇಕು?

ಇದಕ್ಕೆ ಒಂದು ಒಳ್ಳೆಯ ಉತ್ತರ ಇದೇ ಬಡಾವಣೆಯಲ್ಲಿ ಹುಟ್ಟಿತು. 2001ರಲ್ಲಿ ನಗರದ ನೀರು ಇಲಾಖೆ ಇಲ್ಲಿನ ಸೆಕೆಂಡ್ ಅವೆನ್ಯೂದ ಒಂದು ತುಂಡು ರಸ್ತೆಯನ್ನು ಬೇರೆ ಥರ ಕಟ್ಟಿತು. ನೆಟ್ಟಗಿದ್ದ ರಸ್ತೆಯನ್ನು 14 ಅಡಿ ಅಗಲಕ್ಕೆ ಇಳಿಸಿ, ಹಾವಿನಂತೆ ಬಳುಕಿಸಿದರು. ಎರಡೂ ಬದಿ ತಗ್ಗು ತೋಡಿ, ನೀರು ಕುಡಿಯುವ ಮಣ್ಣು ತುಂಬಿ, ಗಿಡ ನೆಟ್ಟರು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ, ಆ ರಸ್ತೆಯಿಂದ ಹೊರಗೆ ಹರಿಯುತ್ತಿದ್ದ ಮಳೆನೀರಿನಲ್ಲಿ ಶೇಕಡಾ 98ಕ್ಕೂ ಹೆಚ್ಚು ಅಲ್ಲೇ ಇಂಗುತ್ತಿತ್ತು. ಈಗ ಮಳೆತೋಟ ಅನ್ನುವುದು ಎಲ್ಲ ಕಡೆ ಸಾಮಾನ್ಯ. ಆಗ ಅದು ಹೊಸದು, ಎಂಜಿನಿಯರುಗಳೇ ನಂಬುತ್ತಿರಲಿಲ್ಲ. ನಾನು ಅಲ್ಲಿ ನಡೆದು ನೋಡಿದ್ದೇನೆ. ಮನೆ ಮುಂದಿನ ತಗ್ಗಿನಲ್ಲಿ ಕಸ ತೆಗೆಯುತ್ತಿದ್ದ ಅಜ್ಜಿಯೊಬ್ಬರು, ಇದು ನಮ್ಮ ಪಾಲಿನ ಹಳ್ಳ ಅಂದರು. ಪಾರ್ಕಿನಲ್ಲಿ ಮೀನು ತೋರಿಸುವ ನಮಗಿಂತ ಅವರು ಮಾಡುತ್ತಿರುವುದು ದೊಡ್ಡ ಕೆಲಸ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ರಸ್ತೆ ನೀರಿನ ಇನ್ನೊಂದು ಕತೆ ಕೋಹೋ ಎನ್ನುವ ಜಾತಿಯ ಸಾಲ್ಮನ್‌ದು. ಅದೂ ಈ ಊರಿನ ಹಳ್ಳಗಳಿಗೆ ಬರುತ್ತದೆ. ಬಂದು, ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಮಳೆ ಬಂದ ಮೇಲೆ ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಸುತ್ತು ಹೊಡೆಯುತ್ತಾ, ಕೆಲವೇ ಗಂಟೆಗಳಲ್ಲಿ ಪಕ್ಕಕ್ಕೆ ಮಗುಚಿ ಬೀಳುತ್ತದೆ. ಪಶ್ಚಿಮ ಸಿಯಾಟಲ್‌ನ ಲಾಂಗ್‌ಫೆಲೋ ಕ್ರೀಕ್‌ನಲ್ಲಿ ಸ್ವಯಂಸೇವಕರು ಸತ್ತ ಹೆಣ್ಣುಮೀನುಗಳ ಹೊಟ್ಟೆ ಸೀಳಿ ಲೆಕ್ಕ ಇಡುತ್ತಾರೆ. ಒಳಗೆ ಕಿತ್ತಳೆ ಬಣ್ಣದ ಮೊಟ್ಟೆ ಒಂದೂ ಖರ್ಚಾಗದೆ ತುಂಬಿರುತ್ತವೆ. ಸಮುದ್ರದಲ್ಲಿ ಇಷ್ಟು ಕಾಲ ಬದುಕಿ, ಊರು ಮುಟ್ಟಿ, ಮೊಟ್ಟೆ ಇಡದೆ ಸತ್ತ ಮೀನಿನ ತೆರೆದ ಹೊಟ್ಟೆ ನೋಡುವುದು ಸುಲಭವಲ್ಲ. ಪೇಟೆಯ ಹಳ್ಳಗಳಿಗೆ ಬಂದ ಕೋಹೋಗಳಲ್ಲಿ ಶೇಕಡಾ 40ರಿಂದ 90ರವರೆಗೆ ಹೀಗೆ ಸಾಯುತ್ತಿದ್ದವು. ಕಾರಣ ಹುಡುಕಲು ಎರಡು ದಶಕ ಬೇಕಾಯಿತು.

2020ರ ಡಿಸೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಝೆನ್ಯು ಟಿಯಾನ್, ಎಡ್ ಕೊಲೋಜಿ, ಜೆನಿಫರ್ ಮೆಕಿಂಟೈರ್ ಮತ್ತವರ ತಂಡ ಕಂಡುಹಿಡಿದಿದ್ದು ಕಾರಿನ ಟೈರು. ರಬ್ಬರ್ ಬಿರುಕು ಬಿಡದಿರಲಿ ಅಂತ ಟೈರಿಗೆ 6ಪಿಪಿಡಿ ಎನ್ನುವ ರಾಸಾಯನಿಕ ಸೇರಿಸುತ್ತಾರೆ. ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಅದು ಬೇರೊಂದು ವಸ್ತುವಾಗುತ್ತದೆ. ಟೈರು ಸವೆದು ಉದುರಿದ ಪುಡಿಯ ಜೊತೆ ಮಳೆನೀರಿಗೆ ಇಳಿಯುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೂ ಕೋಹೋ ಸಾಯುತ್ತದೆ. ಅಚ್ಚರಿ ಅಂದರೆ ಅದೇ ನೀರಿನಲ್ಲಿ ಚಮ್‌ಗೆ ಏನೂ ಆಗುವುದಿಲ್ಲ. ಕಾರ್ಕೀಕ್‌ನಲ್ಲಿ ಮೀನು ಕಾಣುವುದಕ್ಕೆ, ಅದೂ ಚಮ್ ಮಾತ್ರ ಜಾಸ್ತಿ ಕಾಣುವುದಕ್ಕೆ ಇದೂ ಒಂದು ಕಾರಣ. ಸಮಾಧಾನದ ಸಂಗತಿಯೂ ಇದೆ. ಅದೇ ರಸ್ತೆ ನೀರನ್ನು ಮಣ್ಣು, ಮರಳು, ಗೊಬ್ಬರದ ಪದರದಲ್ಲಿ ಸೋಸಿ ಬಿಟ್ಟರೆ ಕೋಹೋ ಬದುಕುತ್ತದೆ ಅಂತ ಮೆಕಿಂಟೈರ್ ಮತ್ತು ಅವರ ಜೊತೆಗಾರರು ಮೊದಲೇ ತೋರಿಸಿದ್ದರು. ಸೆಕೆಂಡ್ ಅವೆನ್ಯೂದ ಅಜ್ಜಿ ನೋಡಿಕೊಳ್ಳುವ ತಗ್ಗು ಮಾಡುವುದೂ ಅದೇ ಕೆಲಸ.

ಮತ್ತೆ ಮೊದಲಿನ ಪ್ರಶ್ನೆಗೆ. ಹ್ಯಾಚರಿ ಮರಿ ಬಿಡುವುದು ನಿಲ್ಲಿಸಿದರೆ ಪೈಪರ್ಸ್ ಕ್ರೀಕ್‌ನ ಮೀನು ಉಳಿಯುತ್ತದಾ? ಇಲ್ಲಿ ಮೊಟ್ಟೆಯಿಟ್ಟು ಹುಟ್ಟುವ ಮರಿಗಳೂ ಇವೆ, ಆದರೆ ಈಗಿರುವ ಹಳ್ಳದಲ್ಲಿ ಅವಷ್ಟರಿಂದಲೇ ಪ್ರತಿ ವರ್ಷ ನೂರಾರು ಮೀನು ಬರುತ್ತವೆ ಅಂತ ನನಗೆ ಅನಿಸುವುದಿಲ್ಲ. ಇದನ್ನು ಮುಚ್ಚಿಡಬಾರದು. ಹಾಗಂತ ಇದು ತೋರಿಕೆಯ ಕೆಲಸ ಅನ್ನುವುದನ್ನು ಒಪ್ಪುವುದಿಲ್ಲ. ಮೀನೇ ಇಲ್ಲದಿದ್ದರೆ ಈ ಹಳ್ಳ ಒಂದು ಚರಂಡಿ. ಚರಂಡಿಗಾಗಿ ಯಾರೂ ರಸ್ತೆ ಒಡೆದು ಕಟ್ಟುವುದಿಲ್ಲ, ಯಾವ ಕೌನ್ಸಿಲ್ಲೂ ಹಣ ಕೊಡುವುದಿಲ್ಲ. ಸುಕ್ವಾಮಿಷ್ ಜನ ಕೊಟ್ಟ ಮರಿಗಳು ನಮಗೆ ನಾಲ್ಕು ದಶಕಗಳ ಸಮಯ ಕೊಟ್ಟಿವೆ. ಆ ಸಮಯದಲ್ಲಿ ಮೇಲಿನ ಊರನ್ನು ಎಷ್ಟು ಸರಿಮಾಡಿದ್ದೇವೆ ಅಂತ ಕೇಳಿದರೆ, ಇನ್ನೂ ಸಾಲದು. ನನ್ನ ಅಭಿಪ್ರಾಯದಲ್ಲಿ ಪಾರ್ಕಿನೊಳಗೆ ಸುರಿಯುವ ಶ್ರಮದ ಅರ್ಧವಾದರೂ ಇನ್ನು ಮೇಲಿನ ರಸ್ತೆಗಳಿಗೆ ಹೋಗಬೇಕು. ಐವಿ ಕೀಳುವುದು ಮುಖ್ಯವೇ. ಆದರೆ ಒಂದು ಪಾರ್ಕಿಂಗ್ ಜಾಗದ ನೀರು ಇಂಗುವ ಹಾಗೆ ಮಾಡಿಸುವುದು ಅದಕ್ಕಿಂತ ಮುಖ್ಯ.

ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಉಳಿಸಿಕೊಂಡ ವಿಷಯ ಓದಿದಾಗಲೂ ಇದೇ ನೆನಪಾಗಿತ್ತು. 2011ರಲ್ಲಿ ಅವರು ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡರು. ಅಲ್ಲಿಯೂ ಕೆರೆ ಏರಿ ಚೆಂದ ಮಾಡುವುದು ಸುಲಭ. ಕೆರೆಗೆ ಎಲ್ಲಿಂದ, ಎಂಥ ನೀರು ಬರುತ್ತದೆ ಅನ್ನುವುದರಲ್ಲೇ ಕಷ್ಟವೆಲ್ಲ ಇರುವುದು.

ಇಲ್ಲಿರುವ ನಮ್ಮ ಕನ್ನಡದವರಲ್ಲಿ ಬಹಳ ಜನ ಲೇಕ್ ವಾಷಿಂಗ್ಟನ್ ಸರೋವರದ ಆಚೆ, ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್, ಸಮಾಮಿಷ್ ಕಡೆ ಇದ್ದಾರೆ. ಊರಿಂದ ಅಪ್ಪ ಅಮ್ಮ ಬಂದರೆ ಬೇಸಿಗೆಯಲ್ಲಿ ಬ್ಯಾಲಾರ್ಡ್ ಲಾಕ್ಸ್‌ನ ಮೀನಿನ ಏಣಿ, ಅಕ್ಟೋಬರ್‌ನಲ್ಲಿ ಇಸಾಕ್ವಾ ಹ್ಯಾಚರಿ ತೋರಿಸುತ್ತಾರೆ. ಎರಡೂ ಚೆನ್ನಾಗಿವೆ. ಆದರೆ ಅಲ್ಲಿ ಗಾಜು, ಕಾಂಕ್ರೀಟಿನ ನಡುವೆ ಮೀನು ನೋಡುತ್ತೀರಿ. ಒಂದು ಸಲ ಮಕ್ಕಳನ್ನು ಕರೆದುಕೊಂಡು ಕಾರ್ಕೀಕ್‌ಗೆ ಬನ್ನಿ. ನವೆಂಬರ್ ಮಧ್ಯದಿಂದ ಥ್ಯಾಂಕ್ಸ್‌ಗಿವಿಂಗ್ ವಾರದವರೆಗೆ ಒಳ್ಳೆಯ ಕಾಲ. ಒಂದು ಜೋರು ಮಳೆ ಬಂದು ನಿಂತ ಮಾರನೇ ದಿನ, ನೀರು ತಿಳಿಯಾದ ಮೇಲೆ ಬಂದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ಆಟದ ಜಾಗದಲ್ಲಿ ಸಾಲ್ಮನ್ ಆಕಾರದ ಜಾರುಬಂಡೆಯೂ ಇದೆ. ಗಮ್‌ಬೂಟು ಹಾಕಿಕೊಂಡು ಬನ್ನಿ, ಹಳ್ಳಕ್ಕೆ ಮಾತ್ರ ಇಳಿಯಬೇಡಿ.

ಮನೆಯಲ್ಲೇ ಮಾಡಬಹುದಾದ್ದೂ ಇದೆ. ನಿಮ್ಮ ಮನೆ ಯಾವ ಊರಿನಲ್ಲಿದ್ದರೂ ನಿಮ್ಮ ಸೂರಿನ ನೀರು ಯಾವುದೋ ಒಂದು ಸಾಲ್ಮನ್ ಹಳ್ಳಕ್ಕೆ ಹೋಗುತ್ತಿರುವ ಸಾಧ್ಯತೆ ಈ ಸೀಮೆಯಲ್ಲಿ ಜಾಸ್ತಿ. ಕಾರನ್ನು ಮನೆ ಮುಂದೆ ತೊಳೆಯಬೇಡಿ. ಕಾರ್‌ವಾಶ್‌ನ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಮನೆ ಮುಂದಿನದ್ದು ನೇರ ಹಳ್ಳಕ್ಕೆ. ಸೂರಿನ ಪೈಪನ್ನು ಚರಂಡಿಯಿಂದ ತಪ್ಪಿಸಿ ತೋಟಕ್ಕೆ ತಿರುಗಿಸಬಹುದಾ ಅಂತ ನೋಡಿ. ಹಲವು ನಗರಗಳು ಮಳೆತೋಟಕ್ಕೆ ಹಣದ ನೆರವನ್ನೂ ಕೊಡುತ್ತವೆ. ಟೈರಿನ ವಿಷಯ ಮಾತ್ರ ನಮ್ಮೊಬ್ಬೊಬ್ಬರ ಕೈಯಲ್ಲಿಲ್ಲ. ಯುರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪುಯಾಲಪ್ ಎಂಬ ಮೂರು ಬುಡಕಟ್ಟುಗಳು 6ಪಿಪಿಡಿ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರದ ಪರಿಸರ ಸಂಸ್ಥೆಗೆ ಅರ್ಜಿ ಹಾಕಿದವು. 2023ರ ನವೆಂಬರ್‌ನಲ್ಲಿ ಸಂಸ್ಥೆ ಅರ್ಜಿಯನ್ನು ಒಪ್ಪಿಕೊಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ, ಈ ರಾಸಾಯನಿಕಕ್ಕೆ ಬದಲಿ ಏನಿದೆ ಹುಡುಕಿ ಅಂತ ಟೈರ್ ತಯಾರಕರಿಗೆ ಕಡ್ಡಾಯ ಮಾಡಿತು. ಬದಲಿ ಬಂದು, ಈಗ ರಸ್ತೆಯಲ್ಲಿರುವ ಟೈರುಗಳೆಲ್ಲ ಸವೆದು ಮು‌ಗಿಯುವವರೆಗೆ ಕೋಹೋಗೆ ಇರುವುದು ಮಣ್ಣಿನ ಸೋಸುವಿಕೆ ಒಂದೇ.

ಗಿಡ ನೆಡುವ ಕೆಲಸ ಚಳಿಗಾಲವಿಡೀ ನಡೆಯುತ್ತದೆ. ಸಿಯಾಟಲ್‌ನ ಬೇಸಿಗೆ ಒಣ, ಮಳೆ ಇರುವಾಗಲೇ ಬೇರು ಇಳಿಯಬೇಕು. ಬರುವ ಮನಸ್ಸಿದ್ದರೆ ಗುದ್ದಲಿ, ಕೈಗವಸು ತರುವ ಅಗತ್ಯವಿಲ್ಲ, ಅಲ್ಲೇ ಕೊಡುತ್ತಾರೆ. ಬೆಚ್ಚಗಿನ ಸಾಕ್ಸ್ ಮಾತ್ರ ಇನ್ನೊಂದು ಜೊತೆ ಇಟ್ಟುಕೊಳ್ಳಿ.